ಕಾಯಕದ ಹಾದಿ: ಗಾಜಿನ ತೊಟ್ಟಿಗೊಂದು ಮರದ ಪೀಠ



ಹೈನುಗಾರಿಕೆ, ಜೇನು ಸಾಕಣೆ, ಹಪ್ಪಳ-ಸಂಡಿಗೆ, ಹೊಲಿಗೆ ಮೊದಲಾದ ಮನೆಮಟ್ಟದ ಉದ್ಯೋಗಗಳ ಬಗ್ಗೆ ನಾವು ಈ ಅಂಕಣದಲ್ಲಿ ಬರೆದಾಗಲೆಲ್ಲ ಕೆಲವು ಓದುಗರು ಒಂದು ಆಕ್ಷೇಪವನ್ನು ಎತ್ತುತ್ತ ಬಂದಿದ್ದಾರೆ. ‘ಹತ್ತು ಜನರು ಮಾಡುತ್ತಿರುವುದನ್ನೇ ಹನ್ನೊಂದನೆಯವನೂ ಮಾಡಲಿ ಎನ್ನುತ್ತೀರಿ. ಕೈಯಲ್ಲಿ ಒಳ್ಳೆಯ ಕಸುಬಿದ್ದು ಊರಿನಲ್ಲಿಯೇ ಉಳಿಯಬೇಕೆಂದಿರುವ ಹುಡುಗನಿಗೆ ಏನು ಹೇಳುತ್ತೀರಿ?’ ಎಂದು. ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ತಕ್ಕ ಉತ್ತರ ನಮ್ಮಲ್ಲಿ ಇರಲಿಲ್ಲವಾದ್ದರಿಂದ ಸುಮ್ಮನಿದ್ದೆವು. ಉತ್ತರದ ಒಂದು ತುಣುಕು ಕಳೆದ ಬೇಸಿಗೆಯಲ್ಲಿ ತ್ಯಾಗಲಿಯ ಜಗಲಿಯೊಂದರ ಮೇಲೆ, ನಾವು ಹುಡುಕದೆಯೇ, ನಮಗೆ ಎದುರಾಯಿತು.

ಮದುವೆಯೊಂದರ ನಿಮಿತ್ತ ಶಿರಸಿಗೆ ಹೋಗಿದ್ದ ನಾವು ಬಂಧುಗಳ ಒತ್ತಾಯಕ್ಕೆ ಕಟ್ಟುಬಿದ್ದು ತ್ಯಾಗಲಿಯಲ್ಲಿ ಎರಡು ದಿನ ಉಳಿದೆವು. ಶಿರಸಿ-ಸಿದ್ದಾಪುರ ಸೀಮೆಯ ಊರುಗಳ ಪರಿಚಯವಿದ್ದವರಿಗೆ ಅಲ್ಲಿನ ನೋಟವನ್ನು ವರ್ಣಿಸಬೇಕಾಗಿಲ್ಲ. ತಗ್ಗಿನಲ್ಲಿ ಅಡಿಕೆ ತೋಟ, ಅಂಚಿನಲ್ಲಿ ಗದ್ದೆ, ಮೇಲೆ ಸೊಪ್ಪಿನ ಬೆಟ್ಟ. ಮೇ ತಿಂಗಳ ಕೊನೆಯ ವಾರ. ರೋಹಿಣಿ ಮಳೆ ಇಂದೋ ನಾಳೆಯೋ ಎಂಬಂತೆ ಆಕಾಶ ಕಟ್ಟಿಕೊಂಡಿತ್ತು. ನಾವು ಇಳಿದುಕೊಂಡ ಮನೆಯ ಜಗಲಿಯಲ್ಲಿ ಎದೆಮಟ್ಟಕ್ಕಿಂತ ತುಸು ಕೆಳಗೆ ಬರುವ, ನಾಲ್ಕಡಿ ಉದ್ದದ ಒಂದು ಮರದ ಪೀಠವಿತ್ತು. ನುಣುಪಾದ ಬಾಗಿಲುಗಳು, ಹದವಾದ ಹೊಳಪು, ಎಲ್ಲಿಯೂ ಮೊಳೆಯ ತಲೆ ಕಾಣದ ಕೆಲಸ. ದೇವರ ಮಂಟಪದ ಅಡಿಪೀಠವಿರಬೇಕೆಂದು ಭಾವಿಸಿ ನಾವು ಚಪ್ಪಲಿಯನ್ನು ದೂರದಲ್ಲಿಯೇ ಬಿಟ್ಟೆವು. ಆದರೆ ಅದರ ಮೇಲೆ ದೇವರಿರಲಿಲ್ಲ. ಹತ್ತು ಭತ್ತದ ಚೀಲಗಳಿದ್ದವು. ಇಂಥ ಚೆಲುವಾದ ಕೆಲಸದ ಮೇಲೆ ಭತ್ತದ ಚೀಲ ಒಟ್ಟಿದವರು ಯಾರೆಂದು ಕೇಳಿದಾಗ ಆ ಮನೆಯ ಅಜ್ಜಿ, “ಮೊಮ್ಮಗನನ್ನೇ ಕೇಳಿ ಶರಣರೇ, ನಾನು ಕೇಳಿ ಸಾಕಾಗಿದೆ” ಎಂದರು.

ಮೊಮ್ಮಗನಿಗೆ ಮೂವತ್ತರ ಆಸುಪಾಸು. ಪಿಯುಸಿ ಮುಗಿಸಿ ಬೆಂಗಳೂರಿಗೆ ಹೋಗಿ ಅಲ್ಲಿನ ಪೀಠೋಪಕರಣ ತಯಾರಿಕೆಯ ಕಾರ್ಖಾನೆಯೊಂದರಲ್ಲಿ ಎಂಟು ವರ್ಷ ದುಡಿದವನು. 2020ರಲ್ಲಿ ಕೊರೊನಾ ಬಂದು ಎಲ್ಲವೂ ಮುಚ್ಚಿದಾಗ ಊರಿಗೆ ಮರಳಿದ. ಮನೆಗಿರುವ ತೋಟ ಮೂವತ್ತು ಗುಂಟೆ; ಅದರಲ್ಲಿಯೂ ಅಣ್ಣನ ಪಾಲಿದೆ. ಮಳೆಗಾಲದಲ್ಲಿ ಕೊಳೆರೋಗ, ಈಚಿನ ವರ್ಷಗಳಲ್ಲಿ ಅದರ ಜೊತೆಗೆ ಎಲೆಚುಕ್ಕಿ ರೋಗ. ಎರಡು ಸಂಸಾರಗಳಿಗೆ ಆ ತೋಟ ಸಾಲದೆಂಬುದು ಎಲ್ಲರಿಗೂ ತಿಳಿದಿತ್ತು, ಬಾಯಿಬಿಟ್ಟು ಹೇಳಿದವರಿಲ್ಲ. ಮತ್ತೆ ಬೆಂಗಳೂರಿಗೆ ಹೋಗುವುದೋ, ಇಲ್ಲಿಯೇ ಏನಾದರೂ ಹೂಡುವುದೋ ಎಂಬ ತೊಳಲಾಟದಲ್ಲಿ ಅವನಿಗೆ ನೆನಪಾದದ್ದು ಅಕ್ವೇರಿಯಂ ಸ್ಟ್ಯಾಂಡ್. ಬೆಂಗಳೂರಿನಲ್ಲಿ ವೈದ್ಯರೊಬ್ಬರ ಮನೆಗೆ ಅಂಥದೊಂದನ್ನು ಮಾಡಿಕೊಟ್ಟಿದ್ದನಂತೆ. ಪೇಟೆಯ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕಬ್ಬಿಣದ ಆಂಗಲ್ ಬೆಸೆದು ಮಾಡಿದ ಸ್ಟ್ಯಾಂಡು. ಎರಡು ಮೂರು ವರ್ಷಗಳಲ್ಲಿ ತುಕ್ಕು ಹಿಡಿದು ನೆಲದ ಹಾಸಿಗೆ ಕಲೆ ಬಿಡುತ್ತದೆ. ಇಲ್ಲವೇ ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯದು; ನೋಡಲು ಚೆಂದ, ನೀರು ತಗುಲಿದರೆ ಹಪ್ಪಳದಂತೆ ಉಬ್ಬುತ್ತದೆ. ಗಟ್ಟಿಮರದಲ್ಲಿ ಮಾಡುವವರು ಕಡಿಮೆ. ಏಕೆ ಕಡಿಮೆ ಎಂಬುದನ್ನು ಅವನು ಯೋಚಿಸಲಿಲ್ಲ. ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಎರಡು ಮೂಟೆ ಚಾಲಿ ಅಡಿಕೆ ಖರ್ಚಾಯಿತು. ಆ ಸಂಗತಿಗೆ ಮುಂದೆ ಬರುತ್ತೇವೆ.

ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಪದ್ಧತಿ ಬಹಳ ಹಳೆಯದೇನಲ್ಲ. ಲಂಡನ್ನಿನ ಮೃಗಾಲಯದಲ್ಲಿ 1853ರಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆದ ಮೇಲೆ ಆ ಹವ್ಯಾಸ ಅಲ್ಲಿನ ಮನೆಮನೆಗಳಿಗೆ ಹರಡಿತು. ಅಂದಿನ ತೊಟ್ಟಿಗಳಿಗೆ ಲೋಹದ ಚೌಕಟ್ಟು ಇರುತ್ತಿತ್ತು. ಗಾಜನ್ನು ಅದರಲ್ಲಿ ಕೂರಿಸಿ ಲಪ್ಪ ಮೆತ್ತುತ್ತಿದ್ದರು. 1960ರ ದಶಕದ ಅನಂತರ ಸಿಲಿಕೋನ್ ಅಂಟು ಬಳಕೆಗೆ ಬಂದು, ಗಾಜಿಗೆ ಗಾಜನ್ನೇ ಅಂಟಿಸಿ ಚೌಕಟ್ಟಿಲ್ಲದ ತೊಟ್ಟಿ ಮಾಡುವುದು ಸಾಧ್ಯವಾಯಿತು. ಇಂದು ನಮ್ಮ ಪೇಟೆಗಳಲ್ಲಿ ಕಾಣುವುದೆಲ್ಲ ಬಹುತೇಕ ಇಂಥವೇ. ಬಡಗಿಯ ದೃಷ್ಟಿಯಿಂದ ಇದು ಸಣ್ಣ ಬದಲಾವಣೆಯಲ್ಲ. ಹಿಂದೆ ಚೌಕಟ್ಟು ಹೊರುತ್ತಿದ್ದ ಜವಾಬ್ದಾರಿಯ ಒಂದು ಪಾಲು ಈಗ ತೊಟ್ಟಿಯ ಕೆಳಗಿನ ಪೀಠದ ಮೇಲೆ ಬಿದ್ದಿದೆ. ಪೀಠ ಒಂದು ಮೂಲೆಯಲ್ಲಿ ತುಸು ತಗ್ಗಿದರೂ ಗಾಜಿಗೆ ತಿರುಚು ಬೀಳುತ್ತದೆ. ಗಾಜು ಮರದಂತೆ ಬಾಗಿ ಹೊಂದಿಕೊಳ್ಳಲಾರದು.

ಇನ್ನು ಭಾರದ ಲೆಕ್ಕ. ಇದನ್ನು ಓದುಗರು ಕಾಗದ-ಪೆನ್ನು ಹಿಡಿದು ತಾವೇ ಮಾಡಿನೋಡಬೇಕೆಂದು ನಮ್ಮ ಕೋರಿಕೆ. ಒಂದು ಘನ ಅಡಿ ಜಾಗದಲ್ಲಿ ಸುಮಾರು 28 ಲೀಟರು ನೀರು ಹಿಡಿಯುತ್ತದೆ. ಒಂದು ಲೀಟರು ನೀರೆಂದರೆ ಒಂದು ಕಿಲೋ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಪುಟ್ಟ ತೊಟ್ಟಿಗೆ 57 ಕಿಲೋ ನೀರಾಯಿತು. ಇದನ್ನು ಸಾಧಾರಣ ಮೇಜೂ ತಡೆದುಕೊಂಡೀತು. ಆದರೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರವಾದರೆ ಒಂಬತ್ತು ಘನ ಅಡಿ. ನೀರೇ 255 ಕಿಲೋ. ಹತ್ತು ಮಿಲಿಮೀಟರು ದಪ್ಪದ ಗಾಜು ಸುಮಾರು 50 ಕಿಲೋ, ತಳಕ್ಕೆ ಹಾಸುವ ಮರಳು-ಕಲ್ಲು ಮತ್ತೆ 35-40 ಕಿಲೋ. ಒಟ್ಟು 350 ಕಿಲೋದ ಹತ್ತಿರ ಬಂತು, ಎಂದರೆ ಐವತ್ತು ಕಿಲೋದ ಏಳು ಅಕ್ಕಿ ಮೂಟೆ. ಉದ್ದ ಎರಡು ಪಟ್ಟಾದರೆ ಭಾರ ಎರಡು ಪಟ್ಟಾಗುವುದಿಲ್ಲ, ನಾಲ್ಕೂವರೆ ಪಟ್ಟಾಗುತ್ತದೆಂಬುದನ್ನು ಗಮನಿಸಿ. ಏಕೆಂದರೆ ಉದ್ದದ ಜೊತೆಗೆ ಅಗಲ, ಎತ್ತರಗಳೂ ಬೆಳೆದವು. ಕಪಾಟಿನ ಮೇಲೆ ಟಿ.ವಿ. ಇಟ್ಟರೆ ಅದು ಒಂದು ದಿನ ಇಳಿದೀತು. ಈ ಭಾರ ಹಗಲು ರಾತ್ರಿ, ವರ್ಷಗಟ್ಟಲೆ, ಒಂದು ಗಳಿಗೆಯೂ ಇಳಿಯುವುದಿಲ್ಲ.

ಈ ಭಾರವನ್ನು ಮರ ಹೇಗೆ ಹೊರಬೇಕೆಂಬುದನ್ನು ಆ ಹುಡುಗನಿಗೆ ಕಲಿಸಿದವರು ಪಕ್ಕದ ಊರಿನ ಹಿರಿಯ ಆಚಾರರು. ಕಾರ್ಖಾನೆಯಲ್ಲಿ ಎಂಟು ವರ್ಷ ಕಲಿತದ್ದು ಸ್ಕ್ರೂ ಮತ್ತು ಅಂಟಿನ ಕೆಲಸ. ಆಚಾರರು ಅವನನ್ನು ಅವನ ಮನೆಯ ಪಡಸಾಲೆಗೇ ಕರೆದೊಯ್ದು ಮೇಲೆ ನೋಡೆಂದರು. ಮುಂಡಿಗೆ, ಅದರ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ. “ನಿಮ್ಮ ಮುತ್ತಜ್ಜನ ಕಾಲದಿಂದ ಹೆಂಚಿನ ಭಾರ ಎಲ್ಲಿಂದ ಎಲ್ಲಿಗೆ ಇಳೀತಾ ಇದೆ ನೋಡು ತಮ್ಮಾ. ತೊಲೆ ಮುಂಡಿಗೆಯ ಪಕ್ಕಕ್ಕೆ ಮೊಳೆ ಹೊಡೆಸಿಕೊಂಡು ನೇತಾಡ್ತಾ ಇದೆಯಾ?” ಎಂದು ಕೇಳಿದರಂತೆ. ಅಷ್ಟೇ ಪಾಠ. ತೊಟ್ಟಿಯನ್ನು ಹೊರುವ ಮೇಲಿನ ಪಟ್ಟಿ ಕಾಲಿನ ತಲೆಯ ಮೇಲೆ ಕುಳಿತಿರಬೇಕು. ಕಾಲು ನೆಲದವರೆಗೆ ಒಂದೇ ತುಂಡಾಗಿ ಇಳಿದಿರಬೇಕು. ಪಟ್ಟಿಯನ್ನು ಕಾಲಿನ ಬದಿಗೆ ಸ್ಕ್ರೂ ಹಾಕಿ ತೂಗುಬಿಟ್ಟರೆ 350 ಕಿಲೋ ಭಾರವೂ ಆ ನಾಲ್ಕೆಂಟು ಸ್ಕ್ರೂಗಳ ಕುತ್ತಿಗೆಯ ಮೇಲೆ ನಿಲ್ಲುತ್ತದೆ. ನಾಲ್ಕಡಿಯ ಪೀಠಕ್ಕೆ ಮೂಲೆಯ ನಾಲ್ಕು ಕಾಲುಗಳಲ್ಲದೆ ಮಧ್ಯದಲ್ಲಿ ಹಿಂದೆ-ಮುಂದೆ ಎರಡು ಕಾಲುಗಳಿದ್ದರೆ ಪಟ್ಟಿ ಜೋಲುವುದಿಲ್ಲ. ಬಾಗಿಲು, ಪಕ್ಕದ ಹಲಗೆ, ಅಲಂಕಾರದ ಅಂಚು ಇವೆಲ್ಲ ಬರಿಯ ಉಡುಪು. ಅವನ್ನೆಲ್ಲ ಬಿಚ್ಚಿಟ್ಟರೂ ಪೀಠ ಭಾರ ಹೊತ್ತು ನಿಲ್ಲಬೇಕೆಂಬುದು ಆಚಾರರ ಕಟ್ಟಳೆ. ಮನೆಯ ಮುಂಡಿಗೆಯಲ್ಲಿ ಇಷ್ಟು ಶಾಸ್ತ್ರವಿದೆಯೆಂದು ನಮಗೂ ಅಂದೇ ತಿಳಿದದ್ದು. ಅಂಥ ಮನೆಯಲ್ಲಿಯೇ ಹುಟ್ಟಿ ಬೆಳೆದು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ.

ಕಟ್ಟುವ ಕ್ರಮ ಗೊತ್ತಾಯಿತು, ಮೊದಲ ಆರ್ಡರೂ ಬಂತು. ಹುಬ್ಬಳ್ಳಿಯ ಗೃಹಸ್ಥರೊಬ್ಬರಿಗೆ ನಾಲ್ಕಡಿಯ ಪೀಠ. ಆಷಾಢ ಕಳೆದು ಶ್ರಾವಣದ ಜಡಿಮಳೆ. ಬೇಗ ಕೊಡಬೇಕೆಂಬ ಉತ್ಸಾಹದಲ್ಲಿ, ಕೊಯ್ದು ಎರಡು ತಿಂಗಳೂ ಆಗಿರದ ಅಕೇಶಿಯಾ ಮರವನ್ನು ತಂದು ಕೆಲಸ ಹಿಡಿದ. ಮಾಡಿ ಮುಗಿಸಿದಾಗ ಕೂದಲೆಳೆಯಷ್ಟು ಸಂದೂ ಇರಲಿಲ್ಲ; ರಸಮಟ್ಟವಿಟ್ಟರೆ ಗುಳ್ಳೆ ನಟ್ಟನಡುವೆ ನಿಲ್ಲುತ್ತಿತ್ತು. ಹುಬ್ಬಳ್ಳಿಯವರು ಹೊಗಳಿ ಹಣ ಕೊಟ್ಟು ಕಳಿಸಿದರು. ಮಾರ್ಚ್ ತಿಂಗಳ ಒಂದು ರಾತ್ರಿ ಆ ಮನೆಯಲ್ಲಿ ತೊಟ್ಟಿಯ ಮೂಲೆಯ ಅಂಟು ಬಿಟ್ಟಿತು. ಬೆಳಗಾಗುವಷ್ಟರಲ್ಲಿ 250 ಲೀಟರು ನೀರು ನಡುಮನೆಯಿಂದ ಮಲಗುವ ಕೋಣೆಗೆ ಹರಿದಿತ್ತು. ಮೀನುಗಳು ಉಳಿಯಲಿಲ್ಲ. ಹೋಗಿ ನೋಡಿದರೆ ಪೀಠದ ಒಂದು ಕಾಲು ತಿರುಚಿಕೊಂಡು, ಮೇಲಿನ ಪಟ್ಟಿ ಒಂದು ಮೂಲೆಯಲ್ಲಿ ಸುಮಾರು ಕಾಲು ಅಂಗುಲ ತಗ್ಗಿತ್ತು.

ಹುಡುಗನಿಗೆ ಫೋನು ಬಂದಾಗ ತಂದೆ ಪಕ್ಕದಲ್ಲಿಯೇ ಇದ್ದರು. “ತಮ್ಮಾ, ಫೋನಿನಲ್ಲಿ ಮಾತಾಡಿ ಮುಗಿಸಬೇಡ. ದುಡ್ಡು ತಗೊಂಡು ಹೋಗಿ ಕೊಟ್ಟು ಬಾ” ಎಂದರಂತೆ. ಪೀಠದ ಬೆಲೆ, ತೊಟ್ಟಿಯ ಬೆಲೆ ಎರಡನ್ನೂ ಕೊಡಲು ದರ ಏರಲೆಂದು ಇಟ್ಟುಕೊಂಡಿದ್ದ ಚಾಲಿಯಲ್ಲಿ ಎರಡು ಮೂಟೆ ಮಾರಬೇಕಾಯಿತು. ಹುಬ್ಬಳ್ಳಿಯವರು ಹಣ ಎಣಿಸಿಕೊಂಡರು, ಚಹಾ ಕೊಟ್ಟರು. ಮತ್ತೆ ಆರ್ಡರು ಕೊಡಲಿಲ್ಲ. ಅಣ್ಣನಿಗೆ ಈ ವ್ಯವಹಾರ ಸರಿಬರಲಿಲ್ಲ. ಕೆಲವು ತಿಂಗಳು ಅಣ್ಣ-ತಮ್ಮಂದಿರ ನಡುವೆ ಮಾತು ಕಡಿಮೆಯಾಗಿತ್ತೆಂದು ಅಜ್ಜಿ ನಮಗೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದರು.

ಏನಾಗಿತ್ತೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು; ಮಲೆನಾಡಿನಲ್ಲಿ ಕುಳಿತು ಬಯಲುಸೀಮೆಗೆ ಮರದ ವಸ್ತು ಮಾರುವ ಯಾರಿಗಾದರೂ ಇದು ಬೇಕಾದ ತಿಳಿವಳಿಕೆ. ಮರ ಕಡಿದ ಮೇಲೂ ಅದು ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮರದೊಳಗಿನ ತೇವಾಂಶ ನೂರಕ್ಕೆ ಇಪ್ಪತ್ತರ ಹತ್ತಿರ ಇರಬಹುದು. ಹುಬ್ಬಳ್ಳಿ, ಬೆಂಗಳೂರಿನ ಬೇಸಿಗೆಯಲ್ಲಿ ಹನ್ನೆರಡಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ಹೀಗೆ ಇಳಿಯುವಾಗ ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಕುಗ್ಗುತ್ತದೆ. ಒಣಗಿದರೂ ಹೆಚ್ಚು ಅಲುಗದ ಸಾಗವಾನಿಯಲ್ಲಿಯೇ ಒಂದಡಿ ಅಗಲದ ಹಲಗೆ ಇಷ್ಟು ತೇವ ಬಿಟ್ಟರೆ ನಾಲ್ಕೈದು ಮಿಲಿಮೀಟರು ಸಣ್ಣದಾಗಬಹುದು. ಎಳೆ ನೇರವಾಗಿರದ ಮರ ಕುಗ್ಗುವಾಗ ಸುತ್ತಿಕೊಳ್ಳುತ್ತದೆ ಕೂಡ. ಶ್ರಾವಣದಲ್ಲಿ ಸರಿಯಾಗಿದ್ದ ಪೀಠ ಫಾಲ್ಗುಣದಲ್ಲಿ ತಿರುಚಿದ್ದು ಹೀಗೆ. ಜೋಡಣೆಯಲ್ಲಿ ದೋಷವಿರಲಿಲ್ಲ, ದೋಷ ಅವಸರದಲ್ಲಿತ್ತು. ಬಡಗಿಗಳು ಈ ಕೆಲಸಕ್ಕೆ ಕೈಹಾಕಲು ಹಿಂಜರಿಯುವುದೂ ಇದಕ್ಕೇ ಇರಬೇಕು. ಕುರ್ಚಿಯ ಕಾಲು ತಿರುಚಿದರೆ ಕುಳಿತವನು ಎದ್ದು ಹೋಗುತ್ತಾನೆ, ಇಲ್ಲಿ ಮನೆಯೆಲ್ಲ ನೀರು.

ಆಮೇಲೆ ಒಂದು ವರ್ಷ ಅವನು ಒಂದು ಪೀಠವನ್ನೂ ಮಾಡಲಿಲ್ಲ. ಬಾಗಿಲು-ಕಿಟಕಿಯ ಕೂಲಿಕೆಲಸ ಮಾಡುತ್ತ, ಬಂದ ಹಣದಲ್ಲಿ ಮರ ಕೊಂಡು ಒಣಗಲು ಇಟ್ಟ. ಒಂದು ಅಂಗುಲ ದಪ್ಪದ ಹಲಗೆ ನೆರಳಿನಲ್ಲಿ ಒಣಗಲು ಒಂದು ವರ್ಷ ಎಂಬುದು ಕಸುಬಿನವರ ಸ್ಥೂಲ ಲೆಕ್ಕ. ಮಲೆನಾಡಿನಲ್ಲಿ ಮಳೆಯ ನಾಲ್ಕು ತಿಂಗಳು ಒಣಗುವಿಕೆ ನಿಂತೇಹೋಗುವುದರಿಂದ ಅದಕ್ಕೂ ಹೆಚ್ಚು ಬೇಕಾದೀತು. ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ಕೆಳಗಿನ ಒಲೆಯ ಬಿಸಿ ತಾಗುವಂತೆ, ಹಲಗೆ-ಹಲಗೆಗಳ ನಡುವೆ ಬೆರಳು ದಪ್ಪದ ಪಟ್ಟಿಗಳನ್ನು ಇಟ್ಟು ಗಾಳಿಯಾಡಲು ಬಿಟ್ಟು ಒಟ್ಟಿದ್ದಾನೆ. ಹಲಗೆಯ ಎರಡು ತುದಿಗಳಿಗೆ ಬಣ್ಣ ಬಳಿದಿದ್ದಾನೆ. ತುದಿಯಿಂದ ತೇವ ಬೇಗ ಹೊರಟರೆ ಮರ ಸೀಳುತ್ತದೆ. ಒಣಗಿತೆಂದು ತಿಳಿಯುವುದು ಹೇಗೆ? ತೇವ ಅಳೆಯುವ ಪುಟ್ಟ ಯಂತ್ರಗಳು ಪೇಟೆಯಲ್ಲಿ ಸಿಗುತ್ತವೆ, ಅವನೂ ಈಗ ಒಂದನ್ನು ಕೊಂಡಿದ್ದಾನೆ. ಅದಿಲ್ಲದಿದ್ದಾಗ ಅವನ ತಾಯಿ ಹೇಳಿಕೊಟ್ಟ ಉಪಾಯ ನಮಗೆ ಹೆಚ್ಚು ಹಿಡಿಸಿತು. ಒಟ್ಟಿಲಿನಿಂದ ಒಂದು ತುಂಡನ್ನು ಗುರುತಿಟ್ಟು ವಾರಕ್ಕೊಮ್ಮೆ ಬೆಲ್ಲ ತೂಗುವ ತಕ್ಕಡಿಯಲ್ಲಿ ತೂಗುವುದು, ತೂಕವನ್ನು ಕ್ಯಾಲೆಂಡರಿನಲ್ಲಿ ಬರೆಯುವುದು. ಬೇಸಿಗೆಯಲ್ಲಿ ಸತತವಾಗಿ ಕೆಲವು ವಾರ ತೂಕ ಇಳಿಯದೆ ನಿಂತರೆ ಆ ಊರಿನ ಮಟ್ಟಿಗೆ ಮರ ಒಣಗಿತು. ಬಯಲುಸೀಮೆಗೆ ಕಳಿಸುವುದಾದರೆ ಕೆಲಸವನ್ನು ಜನವರಿಯಿಂದ ಮೇ ಒಳಗೆ ಮಾಡಿ ಮುಗಿಸುವುದು ಕ್ಷೇಮ. ಎಷ್ಟೇ ಒಣಗಿದರೂ ಮರ ಅಲುಗುವುದನ್ನು ನಿಲ್ಲಿಸುವುದಿಲ್ಲವಾದ್ದರಿಂದ ಅಗಲದ ಹಲಗೆಯನ್ನು ಚೌಕಟ್ಟಿಗೆ ಅಂಟಿಸದೆ, ಚೌಕಟ್ಟಿನಲ್ಲಿ ಸಣ್ಣ ಕಾಲುವೆಯಂತೆ ಕೊರೆದು ಅದರೊಳಗೆ ಸಡಿಲವಾಗಿ ಕೂರಿಸಬೇಕು.

ಮರ ಯಾವುದು? ಸಾಗವಾನಿ ಉತ್ತಮ, ಬೆಲೆ ಮಾತ್ರ ಎಟುಕುವುದಿಲ್ಲ. ಹಲಸು ಗಟ್ಟಿ, ಬಣ್ಣವೂ ಚೆಂದ, ಗೆದ್ದಲಿಗೆ ಬೇಗ ಬಗ್ಗುವುದಿಲ್ಲ. ಮತ್ತಿ ಭಾರ ಹೊರುವುದರಲ್ಲಿ ಎತ್ತಿದ ಕೈ, ಆದರೆ ಕೀಸುಳಿಗೆ ಸುಲಭವಾಗಿ ಮಣಿಯುವುದಿಲ್ಲ. ಇವನು ಕಾಲು-ಪಟ್ಟಿಗಳಿಗೆ ಹಲಸನ್ನೂ, ತೊಟ್ಟಿ ಕೂರುವ ಮೇಲ್ಮೈಗೆ ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ಡನ್ನೂ ಬಳಸುತ್ತಾನೆ. ಅಳತೆಯ ಅಂದಾಜು ಬೇಕಾದವರಿಗೆ: ಮೂರಂಗುಲ ಚೌಕದ, ಮೂವತ್ತು ಅಂಗುಲ ಎತ್ತರದ ಆರು ಕಾಲುಗಳು, ಎರಡಕ್ಕೆ ನಾಲ್ಕಂಗುಲದ ಮೇಲಿನ ಮತ್ತು ಕೆಳಗಿನ ಪಟ್ಟಿಗಳು ಸೇರಿ ನಾಲ್ಕಡಿಯ ಪೀಠದ ಅಸ್ಥಿಪಂಜರಕ್ಕೆ ಎರಡು ಘನ ಅಡಿಗೆ ತುಸು ಹೆಚ್ಚು ಮರ ಬೇಕು. ಕೊಯ್ದು, ಕೀಸಿ, ಗಂಟು-ಬಿರುಕು ಕಳೆದು ಅಷ್ಟು ಉಳಿಯಬೇಕಾದರೆ ಮೂರು ಘನ ಅಡಿಗೂ ಮಿಕ್ಕಿ ಕೊಳ್ಳಬೇಕು.

ಕೊಳ್ಳುವಾಗ ಒಂದು ಎಚ್ಚರಿಕೆ. ‘ಬೆಟ್ಟದಲ್ಲಿ ಮರಕ್ಕೇನು ಬರ’ ಎಂದು ಹೊರಗಿನವರು ಸುಲಭವಾಗಿ ಹೇಳಿಬಿಡುತ್ತಾರೆ. ಸೊಪ್ಪಿನ ಬೆಟ್ಟದಲ್ಲಿ ತೋಟಿಗರಿಗೆ ಇರುವುದು ಸೊಪ್ಪು-ದರಕಿನ ಸೌಲಭ್ಯ. ಅಲ್ಲಿನ ಮರವನ್ನು ಕಡಿದು ವ್ಯಾಪಾರ ಮಾಡುವ ಹಕ್ಕಲ್ಲ. ಸ್ವಂತ ಮಾಲ್ಕಿ ಜಮೀನಿನ ಮರವಾದರೂ ಜಾತಿಯನ್ನು ನೋಡಿಕೊಂಡು 1976ರ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯಲು ಅನುಮತಿ, ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕಾಗುತ್ತದೆ. ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ನೀಡಿದ ಆದೇಶದ ಅನಂತರ ಮರದ ಗಿರಣಿಗಳ ಮೇಲಿನ ಹಿಡಿತವೂ ಬಿಗಿಯಾಗಿದೆ. ದಾಂಡೇಲಿ, ಯಲ್ಲಾಪುರ ತಾಲ್ಲೂಕಿನ ಕಿರವತ್ತಿಗಳಲ್ಲಿ ಸರ್ಕಾರಿ ನಾಟಾ ಡಿಪೋಗಳಿವೆಯಾದರೂ ಹರಾಜಿನ ದಿಮ್ಮಿಗಳು ಮೂರು ಘನ ಅಡಿ ಬೇಕಾದವನ ಕೈಗೆ ನಿಲುಕುವಂಥವಲ್ಲ. ಪರವಾನಗಿಯುಳ್ಳ ಗಿರಣಿಯಿಂದ ಕೊಂಡು, ರಶೀತಿಯನ್ನು ಪೂಜೆಯ ಪುಸ್ತಕದಷ್ಟೇ ಜತನವಾಗಿ ಇಟ್ಟುಕೊಳ್ಳುವುದು ಸಣ್ಣವನಿಗೆ ಸರಿಯಾದ ದಾರಿ.

ಮೇಲುಕೆಲಸದ ಬಗ್ಗೆ ಎರಡು ಮಾತು. ಅರಗಿನ ಪಾಲಿಷ್ ನೋಡಲು ಬಲು ಚೆಲುವು, ನೀರಿನ ಹನಿ ಬಿದ್ದಲ್ಲಿ ಬೆಳ್ಳಗೆ ಕಲೆ ಕಟ್ಟುತ್ತದೆ. ಆದ್ದರಿಂದ ಈ ಕೆಲಸಕ್ಕೆ ಪಿಯು ಲೇಪವೇ ಆಗಬೇಕು, ಅದೂ ಒಳಬದಿ, ಕೆಳಬದಿ, ಕಾಲಿನ ಅಂಗಾಲುಗಳಿಗೂ. ಕಣ್ಣಿಗೆ ಬೀಳದ ಜಾಗದಿಂದಲೇ ನೀರು ಒಳಹೊಕ್ಕುವುದು. ಹಿಂಬದಿಯಲ್ಲಿ ಕೊಳವೆ-ತಂತಿಗಳಿಗೆ ಕಿಂಡಿ ಇರಲಿ. ಗಾಳಿಯಾಡದ ಪೆಟ್ಟಿಗೆಯೊಳಗೆ ಬೂಸಲು ಹಿಡಿಯುತ್ತದೆ. ತೊಟ್ಟಿಯಿಂದ ಬರುವ ವಿದ್ಯುತ್ ತಂತಿ ನೇರವಾಗಿ ಪ್ಲಗ್ಗಿಗೆ ಹೋಗದೆ, ಒಮ್ಮೆ ಕೆಳಗೆ ಇಳಿದು ಮತ್ತೆ ಮೇಲೇರಬೇಕು. ತಂತಿಯ ಗುಂಟ ಇಳಿದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಚೌಕಟ್ಟಿಲ್ಲದ ತೊಟ್ಟಿಯ ಕೆಳಗೆ ತೆಳುವಾದ ಥರ್ಮೊಕೋಲ್ ಹಾಳೆ ಹಾಸಿದರೆ ಮರಳಿನ ಕಣದಂಥ ಸಣ್ಣ ಉಬ್ಬು ಗಾಜನ್ನು ನೋಯಿಸುವುದಿಲ್ಲ. ಹಳೆಯ ಮನೆಗಳ ಮರದ ಮಹಡಿಯ ಮೇಲೆ ನಾಲ್ಕಡಿಯ ತೊಟ್ಟಿ ಬೇಕೆಂದು ಯಾರಾದರೂ ಕೇಳಿದರೆ ಆಗದೆಂದು ಹೇಳಿ ಆರ್ಡರು ಬಿಡಬೇಕು. ಇವನು ಹಾಗೆ ಒಂದನ್ನು ಬಿಟ್ಟಿದ್ದಾನೆ.

ಬೆಲೆಯ ವಿಚಾರದಲ್ಲಿ ತಂದೆ ಮಗನಿಗೆ ಇನ್ನೂ ಒಮ್ಮತವಿಲ್ಲ. ನಮ್ಮ ಸಹಾನುಭೂತಿ ಇಬ್ಬರ ಕಡೆಗೂ ಇದೆ. ಅಡಿಕೆ ಬೆಳೆಗಾರನಿಗೆ ದರ ಕೇಳಿ ಅಭ್ಯಾಸ, ದರ ಹೇಳಿ ಅಭ್ಯಾಸವಿಲ್ಲ. ಪೇಟೆಯಲ್ಲಿ ಇಂದು ಇಷ್ಟು ಎಂದರೆ ಅಷ್ಟಕ್ಕೆ ಕೊಟ್ಟು ಬರುವವನು ತನ್ನ ಕೈಕೆಲಸಕ್ಕೆ ತಾನೇ ಬೆಲೆ ಕಟ್ಟಬೇಕಾದಾಗ ಸಂಕೋಚಪಡುತ್ತಾನೆ. ಮೊದಲ ಪೀಠಕ್ಕೆ ಮರ, ಪ್ಲೈವುಡ್, ಪಾಲಿಷ್, ಸಾಗಾಟಗಳ ಲೆಕ್ಕ ಹಾಕಿ ಅದರ ಮೇಲೆ ‘ಏನೋ ಸ್ವಲ್ಪ’ ಸೇರಿಸಿದ್ದರಂತೆ. ಇವನ ಆರು ದಿನದ ದುಡಿಮೆ, ಪಾಲಿಷಿನ ಎರಡು ದಿನ, ಮರದಲ್ಲಿ ಸಿಕ್ಕಿಕೊಂಡ ಹಣದ ಬಡ್ಡಿ, ಕೆಟ್ಟರೆ ಬದಲಿಸಿಕೊಡಬೇಕಾದ ಹೊಣೆ, ಯಾವುದೂ ಅದರಲ್ಲಿ ಇರಲಿಲ್ಲ. ಈಗ ತಂಗಿ ಒಂದು ಪುಸ್ತಕವಿಟ್ಟು ದಿನಗೂಲಿಯನ್ನೂ ಬರೆಯುತ್ತಾಳೆ. ಪಾಲಿಷ್ ಕೆಲಸವೂ ಅವಳದೇ, ಮತ್ತು ಅಣ್ಣನಿಗಿಂತ ಅವಳ ಕೈ ಹದವಾಗಿದೆಯೆಂದು ನಮ್ಮ ಅಭಿಪ್ರಾಯ. ಅರ್ಧ ಹಣ ಮುಂಗಡ ಬಾರದೆ ಮರ ಮುಟ್ಟುವುದಿಲ್ಲ. ಉಳಿದ ತುಂಡುಗಳಲ್ಲಿ ಪೂಜೆಯ ಮಣೆ, ವ್ಯಾಸಪೀಠಗಳಾಗುತ್ತವೆ. ಅವು ಜಾತ್ರೆಯಲ್ಲಿ ಖರ್ಚಾಗುತ್ತವೆ.

ಸಾಲ ಮಾಡಿ ಹೂಡಬೇಕೆನ್ನುವವರಿಗೆ ನಮ್ಮ ಸಲಹೆ: ಮೊದಲು ಮರ ಒಣಗಲಿ, ಆಮೇಲೆ ಸಾಲ. ಯಂತ್ರ ಕೊಂಡು ಕಂತು ಶುರುವಾದವನಿಗೆ ಮರ ಒಣಗುವವರೆಗೆ ಕಾಯುವ ತಾಳ್ಮೆ ಇರುವುದಿಲ್ಲ. ಖಾದಿ ಗ್ರಾಮೋದ್ಯೋಗ ಆಯೋಗದ ಮೂಲಕ 2008ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಗ್ರಾಮೀಣ ಭಾಗದ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ನೂರಕ್ಕೆ 25, ಮಹಿಳೆಯರೂ ಸೇರಿದ ವಿಶೇಷ ವರ್ಗಗಳಿಗೆ ನೂರಕ್ಕೆ 35 ಸಹಾಯಧನವನ್ನು ಗೊತ್ತುಪಡಿಸಲಾಗಿದೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಬಡಗಿತನವೂ ಒಂದು; ತರಬೇತಿಯ ಜೊತೆಗೆ ಉಪಕರಣಗಳಿಗೆ 15,000 ರೂಪಾಯಿ, ಮೊದಲ ಹಂತದಲ್ಲಿ ಒಂದು ಲಕ್ಷದವರೆಗೆ ಶೇಕಡಾ 5ರ ಬಡ್ಡಿಯಲ್ಲಿ ಸಾಲ ಅದರಲ್ಲಿ ಸೇರಿವೆ. ಲೆಕ್ಕಪತ್ರ, ಮಾರಾಟಗಳ ತಿಳಿವಳಿಕೆ ಬೇಕಾದವರು ನಮ್ಮ ಜಿಲ್ಲೆಯ ಹಳಿಯಾಳದಲ್ಲಿರುವ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಯಲ್ಲಿ ವಿಚಾರಿಸಬಹುದು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟಿಯ ಮಾದರಿಯಲ್ಲಿ ನಡೆಯುವ ಸಂಸ್ಥೆ ಅದು.

ಇಷ್ಟನ್ನೆಲ್ಲ ಹೇಳಿಯೂ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ನಮ್ಮ ಓದುಗರು ಕೇಳಿಯೇ ಕೇಳುತ್ತಾರೆಂದು ಬಲ್ಲೆವು. ಅಜ್ಜಿಯೂ ಅದನ್ನೇ ಕೇಳಿದರು: “ಹೊಳೆಯಲ್ಲಿ ಓಡಾಡುವ ಜೀವವನ್ನು ಗಾಜಿನಲ್ಲಿ ಕೂಡಿಹಾಕುವವರಿಗೆ ಪೀಠ ಮಾಡಿಕೊಡುವುದು ನಮಗೆ ತರವೇ ಶರಣರೇ?” ಶೃಂಗೇರಿಯ ತುಂಗೆಯಲ್ಲಿ ನಿರ್ಭಯವಾಗಿ ಈಜುವ ಮೀನುಗಳನ್ನು ಕಂಡವರಿಗೆ ಈ ಪ್ರಶ್ನೆ ಸುಲಭದ್ದಲ್ಲ. ಬಾಚಿಕಾಯಕದ ಬಸವಯ್ಯನಂಥ ಶರಣರು ಮರಗೆಲಸವನ್ನೇ ಕಾಯಕವಾಗಿ ಕೈಗೊಂಡವರೆಂದು ನಾವು ಹೇಳತೊಡಗಿದೆವು. ಅದು ಪ್ರಶ್ನೆಗೆ ಉತ್ತರವಲ್ಲವೆಂದು ಅಜ್ಜಿಯ ಮುಖದಲ್ಲಿಯೇ ಕಂಡಿತು. ಮೊಮ್ಮಗ ಮಾತ್ರ ತನಗೊಂದು ನಿಯಮ ಹಾಕಿಕೊಂಡಿದ್ದಾನೆ. ಮೀನಿಗೆ ತಿರುಗಾಡಲು ಜಾಗವಿಲ್ಲದ ಬೋಗುಣಿಗಳಿಗೆ, ಒಂದಡಿಯ ಪೆಟ್ಟಿಗೆಗಳಿಗೆ ಅವನು ಪೀಠ ಮಾಡುವುದಿಲ್ಲ. ಹುಬ್ಬಳ್ಳಿಯಲ್ಲಿ ನೆಲದ ಮೇಲೆ ಬಿದ್ದಿದ್ದ ಮೀನುಗಳನ್ನು ಕೈಯಾರೆ ಎತ್ತಿದವನು ಅವನೇ. ಅಜ್ಜಿಗೆ ಇದು ಪೂರ್ತಿ ಒಪ್ಪಿಗೆಯಾಗಿಲ್ಲ, ನಮಗೂ ಪೂರ್ತಿ ಆಗಿಲ್ಲ; ಆದರೂ ಆಲೋಚಿಸಿ ಹಾಕಿಕೊಂಡ ಗೆರೆ ಅದು.

ಇನ್ನು ಆ ಭತ್ತದ ಚೀಲಗಳು. ಶಿವಮೊಗ್ಗದ ಒಂದು ಮನೆಗೆ ಹೋಗಬೇಕಾದ ಪೀಠವದು. ಮುಂಗಡ ಬಂದಿದೆ. ಹೊರಬೇಕಾದ ಭಾರ 350 ಕಿಲೋ. ಇವನು ಸುಮಾರು ಒಂದೂವರೆ ಪಟ್ಟು ಹಿಡಿದು ಐವತ್ತು ಕಿಲೋದಂತೆ ತೂಗಿದ ಹತ್ತು ಚೀಲ ಹೇರಿದ್ದಾನೆ. ಮೇಲಿನ ಪಟ್ಟಿಯ ನಡುವಿಗೆ ದಾರ ಕಟ್ಟಿ ಎಳೆದು, ದಾರಕ್ಕೂ ಪಟ್ಟಿಗೂ ನಡುವಿನ ಅಂತರವನ್ನು ದಿನಾ ಬೆಳಿಗ್ಗೆ ಅಳೆದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಾನೆ. ಹದಿನೈದು ದಿನ ಪೂರೈಸದೆ ಕಳಿಸುವುದಿಲ್ಲವೆಂಬ ಹಟ. ನಾವು ಹೊರಡುವ ದಿನ ಒಂಬತ್ತನೆಯ ಅಂಕೆ ಬರೆದಾಗಿತ್ತು. ಒಂಬತ್ತೂ ಒಂದೇ ಆಗಿದ್ದವು. ಅಣ್ಣನೂ ತೋಟಕ್ಕೆ ಹೋಗುವ ಮೊದಲು ಗೋಡೆಯ ಕಡೆಗೊಮ್ಮೆ ನೋಡಿ ಹೋದದ್ದನ್ನು ಕಂಡೆವು.

ತೊಂದರೆಯಿರುವುದು ಒಂದೇ. ಆ ಹತ್ತು ಚೀಲಗಳಲ್ಲಿ ಎರಡು ಬಿತ್ತನೆಯ ಭತ್ತ. ಮೃಗಶಿರೆ ಹುಟ್ಟುವುದರೊಳಗೆ ಅವು ಇಳಿಯಬೇಕು. ನಾವು ಅಂಗಳಕ್ಕೆ ಇಳಿಯುವಾಗ ಅಜ್ಜಿ ಮೊಮ್ಮಗನಿಗೆ, ಬದಲಿಗೆ ಅಂಗಳದ ಕಲ್ಲನ್ನಾದರೂ ತೂಗಿ ಹೇರು ಎನ್ನುತ್ತಿದ್ದರು. ಅವನು ತಕ್ಕಡಿ ಹುಡುಕಲು ಒಳಗೆ ಹೋದ.